ಶ್ರುತಿ ಕೂಡಿಸಿದವರ ಕೂಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಎರಡು ದಾವಣಗೆರೆ ನಗರದಿಂದ, ಒಂದು ಚಿತ್ರದುರ್ಗದಿಂದ, ಮತ್ತೊಂದು ಚಳ್ಳಕೆರೆ ತಾಲ್ಲೂಕಿನಿಂದ ಬಂದಿವೆ. ನಾಲ್ಕೂ ಹಾಡು ಮತ್ತು ಮಾತಿನ ಮುದ್ರಣಕ್ಕೆ ಬಳಸುವ ಮುಕ್ತ ತಂತ್ರಾಂಶಗಳನ್ನು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದವನ್ನು ಕುರಿತವು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಅಜ್ಜಿ ಹಾಡುವ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಮನೆಯಲ್ಲೇ ಯುಎಸ್‌ಬಿ ಮೈಕಿನಿಂದ ಲ್ಯಾಪ್‌ಟಾಪಿಗೆ ಮುದ್ರಿಸಿಕೊಳ್ಳುತ್ತಿದ್ದೇನೆ. ಫ್ಯಾನಿನ ಸದ್ದೂ ಗುಂಯ್ ಎನ್ನುವ ಒಂದು ದನಿಯೂ ಜೊತೆಗೆ ಸೇರಿಕೊಳ್ಳುತ್ತವೆ. ಅವನ್ನು ತೆಗೆಯಲು ನಲವತ್ತಕ್ಕೂ ಹೆಚ್ಚು ಉಚಿತ ಪ್ಲಗಿನ್‌ಗಳನ್ನು (ಮುದ್ರಣ ತಂತ್ರಾಂಶಕ್ಕೆ ಜೋಡಿಸುವ, ದನಿ ತಿದ್ದುವ ಚಿಕ್ಕ ತಂತ್ರಾಂಶಗಳನ್ನು) ಇಳಿಸಿಕೊಂಡು ಒಂದರ ಮೇಲೊಂದು ಹಾಕಿ ನೋಡಿದೆ. ಈಗ ಅಜ್ಜಿಯ ದನಿ ಅಜ್ಜಿಯದಾಗಿ ಉಳಿದಿಲ್ಲ. ನಿಜಕ್ಕೂ ಬೇಕಾದವು ಯಾವುವು?
(ಓದುಗರು, ವಿನೋಬನಗರ, ದಾವಣಗೆರೆ)

ಉತ್ತರ: ನಲವತ್ತರಲ್ಲಿ ನಿಮಗೆ ಬೇಕಾದವು ಐದೋ ಆರೋ. ಅವುಗಳ ಮಾತಿಗೆ ಬರುವ ಮೊದಲು ಯಾವ ಪ್ಲಗಿನ್ನೂ ಮಾಡಲಾರದ ಕೆಲಸವನ್ನು ನೀವೇ ಮಾಡಿ ಮುಗಿಸಬೇಕು. ಫ್ಯಾನ್ ಆರಿಸಿ. ದಾವಣಗೆರೆಯ ಬೇಸಿಗೆಯಲ್ಲಿ ಇದು ವಯಸ್ಸಾದವರಿಗೆ ಕಷ್ಟವೆಂದು ಬಲ್ಲೆ, ಆದ್ದರಿಂದ ಬೆಳಗಿನ ಜಾವ, ರಸ್ತೆಯಲ್ಲಿ ಆಟೋಗಳ ಓಡಾಟ ಶುರುವಾಗುವ ಮುನ್ನ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹಾಸಿಗೆ, ಕೌದಿ, ಬಟ್ಟೆಯ ಗಂಟುಗಳಿರುವ ಕೋಣೆಯನ್ನೇ ಆರಿಸಿಕೊಳ್ಳಿ. ಬರಿಯ ಗೋಡೆಗಳ ಕೋಣೆ ದನಿಯನ್ನು ಡಬ್ಬಿಯೊಳಗೆ ಹಾಕಿದಂತೆ ಮಾಡುತ್ತದೆ. ಮೈಕು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ.

ಗುಂಯ್ ಎನ್ನುವ ದನಿ ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುವುದರಿಂದ ಅದು ತಂತಿಗಳ ಮೂಲಕ ಮುದ್ರಣಕ್ಕೆ ನುಸುಳಿದಾಗ 50 ಹರ್ಟ್ಸ್‌ನಲ್ಲಿಯೂ ಅದರ ಗುಣಕಗಳಾದ 100, 150, 200 ಹರ್ಟ್ಸ್‌ಗಳಲ್ಲಿಯೂ ಕೇಳಿಸುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಒಂದು ನಿಮಿಷ ಮುದ್ರಿಸಿ ನೋಡಿ. ಬಹಳಷ್ಟು ಮನೆಗಳಲ್ಲಿ ಅಲ್ಲಿಗೇ ಆ ದನಿ ನಿಂತುಹೋಗುತ್ತದೆ. ನಿಲ್ಲದಿದ್ದರೆ ಆಡಾಸಿಟಿ ಎಂಬ ಮುಕ್ತ ಮುದ್ರಣ ತಂತ್ರಾಂಶದಲ್ಲೇ ಇರುವ, ಒಂದು ಅಂಕಿಯ ಸುತ್ತಲಿನ ದನಿಯನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರನ್ನು ಆ ಅಂಕಿಗಳ ಮೇಲೆ ಕಿರಿದಾಗಿ ಇಡಬಹುದು. ಅದರ ಜೊತೆಗೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಒಂದಿರಲಿ. ಹೆಂಗಸರ ಹಾಡಿನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಅದು ತೆಗೆಯುವುದೆಲ್ಲ ದೂರದ ಲಾರಿಯ ಗುಡುಗು, ನೆಲದ ಅದುರು, ಮೇಜಿಗೆ ಕೈತಾಗಿದ ಸದ್ದು ಇಂಥವನ್ನೇ.

ಮೂರನೆಯದು ಗದ್ದಲ ತಗ್ಗಿಸುವ ಪ್ಲಗಿನ್. ನಿಮ್ಮ ಅಜ್ಜಿಯ ದನಿ ಕೆಟ್ಟದ್ದು ಇಲ್ಲಿಯೇ ಎಂದು ನನ್ನ ಊಹೆ. ಪ್ರತಿ ಮುದ್ರಣದ ಮೊದಲಿಗೆ ಹತ್ತು ಸೆಕೆಂಡು ಯಾರೂ ಮಾತಾಡದೆ ಕೋಣೆಯ ಮೌನವನ್ನಷ್ಟೇ ಮುದ್ರಿಸಿಕೊಂಡರೆ, ಆಡಾಸಿಟಿ ಅದನ್ನು ಮಾದರಿಯಾಗಿಟ್ಟುಕೊಂಡು ಉಳಿದ ಭಾಗದ ಗದ್ದಲವನ್ನು ಗುರುತಿಸುತ್ತದೆ. ಅದನ್ನು ಆರರಿಂದ ಎಂಟು ಡೆಸಿಬಲ್‌ನಷ್ಟು ತಗ್ಗಿಸಿದರೆ ಸಾಕು, ಪೂರ್ತಿ ಅಳಿಸಲು ಹೋಗಬಾರದು. ನಿಮ್ಮ ನಲವತ್ತರಲ್ಲಿ ಒಂದಾದ, ಆರ್‌ಎನ್‌ನಾಯ್ಸ್ ಎಂಬ ಗದ್ದಲ ತೆಗೆಯುವ ತಂತ್ರಾಂಶವನ್ನು ಆಧರಿಸಿದ ಪ್ಲಗಿನ್ ಬಹಳ ಒಳ್ಳೆಯದೇ. ಜಾನ್-ಮಾರ್ಕ್ ವ್ಯಾಲಿನ್ 2017ರಲ್ಲಿ ಬಿಡುಗಡೆ ಮಾಡಿದ ಅದರ ಚಿಕ್ಕ ನರಜಾಲ (ಉದಾಹರಣೆಗಳಿಂದ ಕಲಿಯುವ ಲೆಕ್ಕಜಾಲ) ಸಾಧಾರಣ ಕಂಪ್ಯೂಟರಿನಲ್ಲೂ ಮಾತಿನ ಹಿಂದಿನ ಗದ್ದಲವನ್ನು ಆ ಕ್ಷಣದಲ್ಲೇ ತೆಗೆದುಹಾಕುತ್ತದೆ. ಆದರೆ ಅದಕ್ಕೆ ಕಲಿಸಿರುವುದು ಮಾತನ್ನು ಗದ್ದಲದಿಂದ ಬೇರ್ಪಡಿಸುವುದನ್ನು. ಪದದ ಕೊನೆಯಲ್ಲಿ ಅಜ್ಜಿ ಎಳೆಯುವ ದನಿ ಮಾತಿನಂತೆ ತುಂಡಾಗುವುದಿಲ್ಲ, ಒಂದೇ ಸಮನೆ ನಿಲ್ಲುತ್ತದೆ. ಆ ನರಜಾಲ ಅದನ್ನು ಫ್ಯಾನಿನ ಸದ್ದೆಂದು ಬಗೆದು ತಿಂದುಬಿಡಬಹುದು. ಸಂದರ್ಶನಕ್ಕೆ ಅದನ್ನು ಬಳಸಿ, ಹಾಡಿಗೆ ಬೇಡ.

ಇದನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. ಹಲವು ವರ್ಷಗಳ ಹಿಂದೆ ಕಂಪನಿ ನಾಟಕಗಳಲ್ಲಿ ಹಾಡಿ ಹಣ್ಣಾಗಿದ್ದ ಹಿರಿಯರೊಬ್ಬರ ರಂಗಗೀತೆಗಳನ್ನು ದಾವಣಗೆರೆಯ ಅವರ ಮನೆಯಲ್ಲೇ ಮುದ್ರಿಸಿಕೊಂಡೆ. ಗದ್ದಲ ಒಂದಿಷ್ಟೂ ಉಳಿಯಬಾರದೆಂಬ ಹಟದಿಂದ ಅದನ್ನು ತೊಳೆದು ತೊಳೆದು, ತೊಳೆದದ್ದನ್ನೇ ಮೂಲದ ಮೇಲೆ ಉಳಿಸಿಬಿಟ್ಟೆ. ಸಾಲು ಸಾಲಿನ ನಡುವೆ ಅವರು ಎಳೆದುಕೊಳ್ಳುತ್ತಿದ್ದ ಉಸಿರೂ ಗದ್ದಲದ ಜೊತೆಗೆ ಹೋಯಿತು. ಅವರು ಈಗಿಲ್ಲ. ಉಸಿರಿಲ್ಲದ ಆ ಹಾಡುಗಳು ಮಾತ್ರ ನನ್ನ ಬಳಿ ಇವೆ. ಆದ್ದರಿಂದ ಮೂಲ ಮುದ್ರಣವನ್ನು 48 ಕಿಲೋಹರ್ಟ್ಸ್, 24 ಬಿಟ್‌ನ, ದನಿ ಒಂದಿಷ್ಟೂ ಕುಂದದ ಫ್ಲ್ಯಾಕ್ ಕಡತವಾಗಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ, ತಿದ್ದುಪಡಿಯನ್ನೆಲ್ಲ ಪ್ರತಿಯ ಮೇಲೆ ಮಾಡಿ. ಆಡಾಸಿಟಿಯ 3.2ನೆಯ ಆವೃತ್ತಿಯಿಂದೀಚೆಗೆ ಪ್ಲಗಿನ್‌ಗಳನ್ನು ಮೂಲವನ್ನು ಬದಲಿಸದೆಯೇ ಹಾಕಿ ತೆಗೆಯುವ ಅನುಕೂಲ ಬಂದಿದೆ; ಅದನ್ನು ರೂಢಿ ಮಾಡಿಕೊಳ್ಳಿ.

ಉಳಿದವು ಚಿಕ್ಕ ಮಾತು. ದನಿಯ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ 300 ಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿದರೆ ಕೋಣೆಯ ಡಬ್ಬಿದನಿ ಕಡಿಮೆಯಾಗುತ್ತದೆ. ಗಟ್ಟಿ ದನಿಯನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಕಂಪ್ರೆಸರನ್ನು ಎರಡಕ್ಕೊಂದರ ಪ್ರಮಾಣದಲ್ಲಿ ಮೆಲುವಾಗಿ ಹಾಕಿ, ಕೊನೆಗೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರನ್ನು ಮೈನಸ್ 1 ಡೆಸಿಬಲ್‌ಗೆ ನಿಲ್ಲಿಸಿ. ಹಂಚುವ ಪ್ರತಿಯ ಒಟ್ಟು ಗಟ್ಟಿತನ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಗಟ್ಟಿತನದ ಅಳತೆ) ಸುತ್ತ ಇದ್ದರೆ ಮೊಬೈಲಿನಲ್ಲಿ ಕೇಳುವವರು ಪದೇ ಪದೇ ವಾಲ್ಯೂಮ್ ಮುಟ್ಟಬೇಕಾಗುವುದಿಲ್ಲ. ಇವೆಲ್ಲ ಆಡಾಸಿಟಿಯೊಳಗೇ ಇವೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರಾದರೆ ಲಿನಕ್ಸ್ ಸ್ಟುಡಿಯೊ ಪ್ಲಗಿನ್ಸ್ ಎಂಬ ಗುಚ್ಛದಲ್ಲಿ ಇನ್ನೂ ನವಿರಾದವು ಸಿಗುತ್ತವೆ. ಮಾರ್ದನಿ ಬೇಕೆನಿಸಿದರೆ ಡ್ರಾಗನ್‌ಫ್ಲೈ ರಿವರ್ಬ್ ಇದೆ, ಆದರೆ ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಪದವನ್ನು ಸಭಾಂಗಣದಲ್ಲಿ ಹಾಡಿದಂತೆ ಮಾಡಲು ನನಗಂತೂ ಮನಸ್ಸು ಬಾರದು.

ಪ್ರಶ್ನೆ: ನಾನು ಮೈಕ್‌ಸೆಟ್ ಅಂಗಡಿಯ ಜೊತೆಗೆ ಚಿಕ್ಕ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಪುಕ್ಕಟೆ ಪ್ಲಗಿನ್ ಹಾಕುತ್ತೇನೆಂದು ತಿಳಿದರೆ ಗಿರಾಕಿಗಳು ದರ ಇಳಿಸಲು ಕೇಳುತ್ತಾರೆ. ದುಬಾರಿ ಪ್ಲಗಿನ್‌ಗಳ ಬೀಗ ಮುರಿದ ಪ್ರತಿಗಳು ಎಲ್ಲೆಡೆ ಸಿಗುತ್ತವೆ, ಅವನ್ನೇ ಹಾಕಿಕೊಳ್ಳಿ ಎಂದು ಸಲಹೆ ಕೊಡುವವರೂ ಇದ್ದಾರೆ. ಪುಕ್ಕಟೆಯದು ನಿಜವಾಗಿಯೂ ಕಳಪೆಯೇ?
(ಓದುಗರು, ಮೇದೇಹಳ್ಳಿ ರಸ್ತೆ, ಚಿತ್ರದುರ್ಗ)

ಉತ್ತರ: ಬೀಗ ಮುರಿದ ಪ್ರತಿಗಳ ಹತ್ತಿರಕ್ಕೂ ಹೋಗಬೇಡಿ. ಅದು ಕಾನೂನಿನ ಉಲ್ಲಂಘನೆ, ಮತ್ತು ಅಂಥ ಕಡತಗಳ ಜೊತೆಗೆ ವೈರಸ್ ಬಂದು ಗಿರಾಕಿಗಳ ಹಾಡುಗಳೇ ಕೈಬಿಟ್ಟುಹೋಗುವ ಅಪಾಯವಿದೆ.

ಇನ್ನು ಕಳಪೆಯ ಮಾತು. ಒಂದು ಈಕ್ವಲೈಜರಿನ ಒಳಗಿರುವುದು ಗಣಿತ. ರಾಬರ್ಟ್ ಬ್ರಿಸ್ಟೋ-ಜಾನ್ಸನ್ ಎಂಬ ಎಂಜಿನಿಯರ್ ಆ ಸೂತ್ರಗಳನ್ನು ಯಾರು ಬೇಕಾದರೂ ಬಳಸಲೆಂದು ಬರೆದು ಹಂಚಿದರು. ಕಾಸು ಕೊಟ್ಟು ಕೊಳ್ಳುವ ಎಷ್ಟೋ ಪ್ಲಗಿನ್‌ಗಳೂ ಕಾಸಿಲ್ಲದೆ ಸಿಗುವ ಎಷ್ಟೋ ಪ್ಲಗಿನ್‌ಗಳೂ ಅದೇ ಸೂತ್ರಗಳ ಮೇಲೆ ನಿಂತಿವೆ. ವ್ಯತ್ಯಾಸ ಬರುವುದು ಸೂತ್ರದಾಚೆಯ ಆಯ್ಕೆಗಳಲ್ಲಿ, ಅಂದರೆ ಗುಂಡಿಯನ್ನು ಎಷ್ಟು ತಿರುಗಿಸಿದರೆ ದನಿ ಎಷ್ಟು ಬದಲಾಗಬೇಕು, ಮೊದಲು ತೆರೆದಾಗ ಯಾವ ಅಳತೆಯಲ್ಲಿ ನಿಂತಿರಬೇಕು ಎಂಬಂಥವುಗಳಲ್ಲಿ.

ಇದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಫ್ರೀವರ್ಬ್. ಕಂಪ್ಯೂಟರಿನಿಂದ ಮಾರ್ದನಿಯನ್ನು ಹುಟ್ಟಿಸುವ ದಾರಿಯನ್ನು ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಆ ದಾರಿಯಲ್ಲೇ ನಡೆದು, ಜೆಝರ್ ಎಂದಷ್ಟೇ ಸಹಿ ಹಾಕಿದ ಪ್ರೋಗ್ರಾಮರ್ ಒಬ್ಬರು 2000ದ ಸುಮಾರಿಗೆ ಕೆಲವೇ ಪುಟಗಳ ಫ್ರೀವರ್ಬ್ ಬರೆದು, ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟರು. ಅದರಲ್ಲಿ ಎಂಟು ಸೋಸುಗಳು (ಫಿಲ್ಟರ್‌ಗಳು) ಅಕ್ಕಪಕ್ಕದಲ್ಲಿ ದನಿಯನ್ನು ಬೇರೆ ಬೇರೆ ಹೊತ್ತು ತಡೆದು ಮರಳಿಸುತ್ತವೆ, ಇನ್ನು ನಾಲ್ಕು ಅದನ್ನು ಹರಡುತ್ತವೆ. ಆ ಎಂಟರ ತಡೆಗಳು 1116, 1188, 1277 ಹೀಗೆ ಏರುತ್ತ 1617 ಸ್ಯಾಂಪಲ್‌ಗಳವರೆಗೆ (ಕಂಪ್ಯೂಟರ್ ದನಿಯನ್ನು ಒಂದೊಂದು ಕ್ಷಣ ಅಳೆದ ಅಂಕಿಗಳವರೆಗೆ) ಹೋಗುತ್ತವೆ, ಅಂದರೆ ಸುಮಾರು 25ರಿಂದ 37 ಮಿಲಿಸೆಕೆಂಡುಗಳು. ಈ ಅಂಕಿಗಳು ಒಂದಕ್ಕೊಂದು ಹೊಂದಿಬಿಟ್ಟರೆ ಮರಳುವ ದನಿಗಳೆಲ್ಲ ಒಂದೇ ಹೊತ್ತಿಗೆ ಬಿದ್ದು ತಗಡು ಬಡಿದಂತಾಗುತ್ತದೆ. ಈ ಅಂಕಿಗಳು ಎಲ್ಲಿಂದ ಬಂದವು? ಕೇಳಿ ನೋಡಿ ಆರಿಸಿದವು ಎಂದು ಆ ಕಡತದಲ್ಲಿಯೇ ಟಿಪ್ಪಣಿ ಇದೆ. ಕಾಲು ಶತಮಾನವಾದರೂ ಅಸಂಖ್ಯ ತಂತ್ರಾಂಶಗಳು ಆ ಅಂಕಿಗಳನ್ನೇ ಹೊತ್ತು ತಿರುಗುತ್ತಿವೆ. ಒಬ್ಬ ಮನುಷ್ಯನ ಕಿವಿ ತಾಳ್ಮೆಯಿಂದ ಮಾಡಿದ ಕೆಲಸವದು, ಮತ್ತು ಅದನ್ನು ನಾನು ಹಾರ್ಮೋನಿಯಂಗೆ ಶ್ರುತಿ ಕೂಡಿಸುವ ಕೆಲಸದ ಪಕ್ಕದಲ್ಲಿಟ್ಟು ನೋಡುತ್ತೇನೆ. ಪೆಟ್ಟಿಗೆ ಮಾಡಿದ ಬಡಗಿಗೆ ಕೂಲಿ ಕೊಟ್ಟು, ಶ್ರುತಿ ಕೂಡಿಸಿದವನಿಗೆ ನಮಸ್ಕಾರ ಮಾತ್ರ ಹೇಳಿ ಕಳಿಸುವ ಪದ್ಧತಿ ನಮ್ಮ ನಾಟಕ ಕಂಪನಿಗಳಲ್ಲೂ ಇರಲಿಲ್ಲ.

ಕನ್ನಡದಲ್ಲಿ ಮುಕ್ತ ಎಂಬುದೂ ಪುಕ್ಕಟೆ ಎಂಬುದೂ ಬೇರೆ ಬೇರೆ ಪದಗಳಾಗಿರುವುದು ನಮ್ಮ ಭಾಗ್ಯ. ಗಿರಾಕಿಗಳಿಗೆ ಆ ಪದಗಳನ್ನೇ ಬಳಸಿ ಹೇಳಿ: ತಂತ್ರಾಂಶ ಮುಕ್ತವಾದದ್ದು, ಅದನ್ನು ಅವರ ಹಾಡಿಗೆ ಹೊಂದಿಸುವ ನಿಮ್ಮ ಗಂಟೆಗಳು ಪುಕ್ಕಟೆಯವಲ್ಲ. ದರ ಇಳಿಸಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹಲಗೆ, ಡೊಳ್ಳು, ಸಮಾಳಗಳ ಪೆಟ್ಟುಗಳನ್ನು ಆರು ತಿಂಗಳು ಕೂತು ಮುದ್ರಿಸಿ, ಕತ್ತರಿಸಿ, ಹೈಡ್ರೋಜನ್ ಎಂಬ ಮುಕ್ತ ತಾಳತಂತ್ರಾಂಶದಲ್ಲಿ ನುಡಿಸಬಹುದಾದ ವಾದ್ಯಗುಚ್ಛವೊಂದನ್ನು ಮಾಡಿ ಅಂತರ್ಜಾಲದಲ್ಲಿ ಬಿಟ್ಟೆ. ಬೇರೊಂದು ಯೋಜನೆಯವರು ಅದನ್ನು ತಮ್ಮ ತಂತ್ರಾಂಶದ ಜೊತೆಗೆ ಸೇರಿಸಿಕೊಂಡರು, ನನ್ನ ಹೆಸರು ಹಾಕಲಿಲ್ಲ. ಕೇಳಿದ್ದಕ್ಕೆ, ಕೊಡುಗೆದಾರರ ಪಟ್ಟಿ ಕೋಡ್ ಬರೆದವರಿಗೆ ಮಾತ್ರ ಎಂದರು. ಗೆಳೆಯರು ಕೂಡ ಕೋಡ್ ಬರೆದಿದ್ದರೆ ಉದ್ಯೋಗಕ್ಕಾದರೂ ಆಗುತ್ತಿತ್ತು, ಇದರಿಂದೇನು ಎನ್ನುತ್ತಾರೆ. ಇದು ಸರಿಯೇ?
(ಓದುಗರು, ವಿದ್ಯಾನಗರ, ದಾವಣಗೆರೆ)

ಉತ್ತರ: ಸರಿಯಲ್ಲ. ಈ ಅನ್ಯಾಯ ಹೆಚ್ಚಿನ ಸಲ ದುರುದ್ದೇಶದಿಂದ ಆಗುವುದಿಲ್ಲ, ಎಣಿಸುವ ಕ್ರಮದಿಂದ ಆಗುತ್ತದೆ. ಮುಕ್ತ ತಂತ್ರಾಂಶ ಯೋಜನೆಗಳು ಗಿಟ್‌ನಂಥ ವ್ಯವಸ್ಥೆಯಲ್ಲಿ ಕೆಲಸವನ್ನು ಕೂಡಿಡುತ್ತವೆ, ಮತ್ತು ಯಾರು ಎಷ್ಟು ಸಲ ಏನನ್ನು ಸೇರಿಸಿದರೆಂಬುದನ್ನು ಆ ವ್ಯವಸ್ಥೆಯೇ ಲೆಕ್ಕ ಹಾಕಿ ಪಟ್ಟಿ ಕೊಡುತ್ತದೆ. ದಿನಕ್ಕೊಂದು ಸಾಲು ತಿದ್ದಿದವರ ಹೆಸರು ನೂರು ಸಲ ಎಣಿಕೆಗೆ ಬರುತ್ತದೆ. ಆರು ತಿಂಗಳ ನಿಮ್ಮ ದುಡಿಮೆ ಒಂದೇ ಸಲಕ್ಕೆ, ಅದೂ ಅಲ್ಲಿಗೆ ಕಡತ ಸೇರಿಸಿದ ಮತ್ತೊಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ದನಿ) ಮಾಡಿದವರು, ಕೈಪಿಡಿ ಬರೆದವರು, ಗುಂಡಿಗಳ ಚಿತ್ರ ಬಿಡಿಸಿದವರು, ಕೋಟೆಯ ಬಂಡೆಗಳ ನಡುವೆಯೋ ಗುಡಿಯ ಗರ್ಭಗೃಹದಲ್ಲೋ ಚಪ್ಪಾಳೆ ತಟ್ಟಿ ಅಲ್ಲಿನ ಮಾರ್ದನಿಯನ್ನು ಮುದ್ರಿಸಿ ತಂದವರು, ಇವರೆಲ್ಲರೂ ಹೀಗೆಯೇ ಲೆಕ್ಕ ತಪ್ಪುತ್ತಾರೆ. ಆದರೆ ತಾಳತಂತ್ರಾಂಶವನ್ನು ಮೊದಲ ಸಲ ತೆರೆದವನು ಕೋಡನ್ನು ಓದುವುದಿಲ್ಲ, ಮೊದಲ ಪೆಟ್ಟನ್ನು ಕೇಳುತ್ತಾನೆ. ಅದು ಚೆನ್ನಾಗಿದ್ದರೆ ಉಳಿದುಕೊಳ್ಳುತ್ತಾನೆ.

ಬೇರೆ ರೀತಿಯಲ್ಲಿ ನಡೆದುಕೊಂಡ ಯೋಜನೆಗಳೂ ಇವೆ. ಸರ್ಜ್ ಎಂಬ, ದನಿಗಳನ್ನು ಹುಟ್ಟಿಸುವ ಸಿಂಥಸೈಜರ್ ತಂತ್ರಾಂಶ ಮೊದಲು ಮಾರಾಟದ ಸರಕಾಗಿತ್ತು; 2018ರಲ್ಲಿ ಅದರ ಕರ್ತೃ ಕ್ಲೇಸ್ ಯೋಹಾನ್ಸನ್ ಅದನ್ನು ಮುಕ್ತಗೊಳಿಸಿದರು. ಅದರಲ್ಲಿ ಯಾವ ಪ್ರೀಸೆಟ್ ತೆರೆದರೂ ಅದನ್ನು ರೂಪಿಸಿದವರ ಹೆಸರು ತೆರೆಯ ಮೇಲೆ ಕಾಣುತ್ತದೆ. ಚಿತ್ರಕಲೆಯ ಕಡೆಗೆ ತಿರುಗಿದರೆ, ಅನಿಮೇಷನ್‌ಗೆ ಬಳಸುವ ಮುಕ್ತ ತಂತ್ರಾಂಶ ಬ್ಲೆಂಡರಿನ ಪ್ರತಿಷ್ಠಾನ 2005ರಲ್ಲಿ ಕಲಾವಿದರ ಚಿಕ್ಕ ತಂಡವೊಂದನ್ನು ಕಟ್ಟಿ ಕಿರುಚಿತ್ರವನ್ನೇ ಮಾಡಿಸಿ 2006ರಲ್ಲಿ ಹೊರತಂದಿತು. ಚಿತ್ರಕ್ಕೆ ಬೇಕಾದದ್ದು ತಂತ್ರಾಂಶದಲ್ಲಿ ಇಲ್ಲದಿದ್ದಾಗ ಅದನ್ನು ಬರೆದು ಸೇರಿಸಿದರು. ಕಲೆಯ ಅಗತ್ಯ ಮುಂದೆ ನಡೆದು ಕೋಡ್ ಹಿಂದೆ ಬಂದ ಪ್ರಸಂಗವಿದು, ನಿಮ್ಮ ಗೆಳೆಯರಿಗೆ ಇದನ್ನು ತಿಳಿಸಿ.

ಕಾನೂನಿನ ವಿಷಯ. ನಿಮ್ಮ ಗುಚ್ಛಕ್ಕೆ ಯಾವ ಪರವಾನಗಿ ಹಾಕಿದ್ದಿರೆಂದು ಪತ್ರದಲ್ಲಿ ಇಲ್ಲ. ಹಂಚಿಕೆಗೆಂದೇ ಪರವಾನಗಿಗಳನ್ನು ರೂಪಿಸಿರುವ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ-ಬೈ ಹಾಕಿದ್ದರೆ ಹೆಸರು ಹೇಳುವುದು ಷರತ್ತೇ ಆಗಿರುವುದರಿಂದ ಅವರು ಅದನ್ನು ಮುರಿದಿದ್ದಾರೆ; ಆ ಸಾಲನ್ನು ತೋರಿಸಿ ಸೌಮ್ಯವಾಗಿ ಇನ್ನೊಮ್ಮೆ ಬರೆಯಿರಿ. ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಸಿಸಿ-ಝೀರೊ ಹಾಕಿದ್ದರೆ ಪರವಾನಗಿಯ ಬಲದಿಂದ ಒತ್ತಾಯಿಸಲಾಗದು, ಸೌಜನ್ಯವನ್ನು ಕೇಳಬಹುದು. ಏನೂ ಹಾಕದೆ ಬಿಟ್ಟಿದ್ದರೆ ಸೇರಿಸಿಕೊಳ್ಳಲು ಅವರಿಗೆ ಅನುಮತಿಯೇ ಇರಲಿಲ್ಲ. ವಾಣಿಜ್ಯ ಬಳಕೆ ಬೇಡ ಎನ್ನುವ ಪರವಾನಗಿಯನ್ನು ಮಾತ್ರ ಸಿಟ್ಟಿನ ಭರದಲ್ಲಿ ಹಾಕಬೇಡಿ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳ ಮುಖ್ಯ ಭಂಡಾರ ಅಂಥ ಕಡತಗಳನ್ನು ಒಪ್ಪುವುದಿಲ್ಲ, ಮತ್ತು ಜಾತ್ರೆಯ ನಾಟಕಕ್ಕೆ ತಾಳ ಹಾಕಿ ನಾಲ್ಕು ಕಾಸು ದುಡಿಯುವವರೂ ನಿಮ್ಮ ಗುಚ್ಛವನ್ನು ಬಳಸಲಾರದೆ ಹೋಗುತ್ತಾರೆ. ಹೈಡ್ರೋಜನ್ ವಾದ್ಯಗುಚ್ಛದ ವಿವರ ಕಡತದಲ್ಲಿ ಕರ್ತೃ, ಮಾಹಿತಿ, ಪರವಾನಗಿ ಎಂಬ ಜಾಗಗಳು ಇವೆ. ಅವನ್ನು ಖಾಲಿ ಬಿಡಬೇಡಿ.

ಆ ಜಾಗಗಳನ್ನು ತುಂಬುವಾಗ ಇನ್ನೊಂದು ಮಾತನ್ನು ನೀವು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಲಗೆ ಬಾರಿಸಿದವರು ಯಾರು, ಸಮಾಳ ನುಡಿಸಿದವರು ಯಾರು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ನೀವೇ ಬಾರಿಸಿದ್ದರೆ ನನ್ನ ಮಾತನ್ನು ಮನ್ನಿಸಿ. ಹಾಗಲ್ಲವಾದರೆ, ಆ ಪೆಟ್ಟಿನ ತೂಕ, ಚರ್ಮವನ್ನು ಬೆಂಕಿಗೆ ಹಿಡಿದು ಕಾಸುವ ಹದ, ಬೆರಳಿಗೂ ಕಡ್ಡಿಗೂ ಇರುವ ಅಂತರ ಇವೆಲ್ಲ ಅವರ ವಿದ್ಯೆ. ಹಲಗೆ ಬಾರಿಸುವುದನ್ನು ನಮ್ಮ ಊರುಗಳು ತಲೆಮಾರುಗಳ ಕಾಲ ಬಿಟ್ಟಿ ಚಾಕರಿಯೆಂದು ಬಗೆದು, ಬಾರಿಸಿದವರನ್ನು ಹೆಸರು ಹಿಡಿದು ಕರೆಯದೆ ನಡೆಸಿಕೊಂಡು ಬಂದಿವೆ. ಕೃತಿಸ್ವಾಮ್ಯ ಕಾಯ್ದೆ 1957ರ 57ನೆಯ ಕಲಂ ಕರ್ತೃವಿಗೆ ತನ್ನ ಕೃತಿಯ ಮೇಲೆ ಹೆಸರು ಕೇಳುವ ಹಕ್ಕನ್ನು ಕೊಟ್ಟಿತ್ತು. 2012ರ ತಿದ್ದುಪಡಿ ನುಡಿಸುವ, ಹಾಡುವ ಕಲಾವಿದರಿಗೂ ಅಂಥ ನೈತಿಕ ಹಕ್ಕನ್ನು ಕೊಟ್ಟಿದೆ. ಮುಂದಿನ ಆವೃತ್ತಿಯಲ್ಲಿ ಅವರ ಹೆಸರುಗಳನ್ನು, ಅವರು ಒಪ್ಪಿದರೆ ಅವರ ಊರನ್ನೂ ಸೇರಿಸಿ, ನಿಮ್ಮ ಹೆಸರನ್ನು ಅವುಗಳ ಜೊತೆಗೆ ಬರೆಯಿರಿ. ಮುದ್ರಣದ ದಿನಗಳಿಗೆ ಕೂಲಿ ಕೊಟ್ಟಿರದಿದ್ದರೆ ಈಗಲಾದರೂ ಕೊಡಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಹಟ್ಟಿಯ ಹೆಣ್ಣುಮಕ್ಕಳ ಹಾಡುಗಳನ್ನು ಮಕ್ಕಳಿಂದ ಮುದ್ರಿಸಿ ಎಲ್ಲರಿಗೂ ಸಿಗುವಂತೆ ಇಡಬೇಕೆಂದಿದ್ದೇನೆ. ನಾವು ಬಳಸುವ ತಂತ್ರಾಂಶವೆಲ್ಲ ಮುಕ್ತವಾದದ್ದು. ಅದನ್ನು ಮಾಡಿದವರ ಋಣ ತೀರಿಸಬೇಕೆನಿಸುತ್ತದೆ, ಆದರೆ ವಿದೇಶಕ್ಕೆ ಹಣ ಕಳಿಸುವ ಅನುಕೂಲ ನಮಗಿಲ್ಲ. ಏನು ಮಾಡಬಹುದು?
(ಓದುಗರು, ಚಳ್ಳಕೆರೆ ತಾಲ್ಲೂಕು)

ಉತ್ತರ: ಮೇಡಂ, ಹಣ ಕಳಿಸಬಲ್ಲವರು ಕಳಿಸುವುದು ಒಳ್ಳೆಯದೇ. ಆರ್ಡರ್ ಎಂಬ ಮುದ್ರಣ ತಂತ್ರಾಂಶದ ಪಾಲ್ ಡೇವಿಸ್ ತಮ್ಮ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟು, ಸಿದ್ಧಪಡಿಸಿದ ಪ್ರತಿಗೆ ಮಾತ್ರ ಹಣ ಕೇಳುತ್ತಾರೆ. ಏರ್‌ವಿಂಡೋಸ್ ಹೆಸರಿನಲ್ಲಿ ನೂರಾರು ಪ್ಲಗಿನ್‌ಗಳನ್ನು ಮುಕ್ತವಾಗಿ ಕೊಟ್ಟಿರುವ ಕ್ರಿಸ್ ಜಾನ್ಸನ್ ಬಳಕೆದಾರರ ಮಾಸಿಕ ಬೆಂಬಲದಿಂದ ಬದುಕು ನಡೆಸುತ್ತಾರೆ. ನಿಮ್ಮಿಂದ ಸಲ್ಲಬಹುದಾದದ್ದು ಬೇರೆ ಬಗೆಯದು, ಬೆಲೆಯಲ್ಲಿ ಕಡಿಮೆಯದೇನೂ ಅಲ್ಲ. ತೆರೆಯ ಮೇಲಿನ ಪದಗಳಿಗೆ ಕನ್ನಡ ಕೊಡುವ ಕೆಲಸದಲ್ಲಿ ಸೇರಿಕೊಳ್ಳಿ. ಯಾವ ಮಟ್ಟ ದಾಟಿದರೆ ಕಂಪ್ರೆಸರ್ ಕೆಲಸ ಆರಂಭಿಸುತ್ತದೆಯೋ ಅದನ್ನು ಹೊಸ್ತಿಲು ಎಂದರೆ ನಿಮ್ಮ ಆರನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಮಕ್ಕಳು ಎಲ್ಲಿ ತೊಡಕು ಪಟ್ಟರೆಂಬುದನ್ನು ಬರೆದಿಟ್ಟುಕೊಂಡು ತಂತ್ರಾಂಶ ಮಾಡಿದವರಿಗೆ ತಿಳಿಸಿ. ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆದು ಬೇರೆ ಶಾಲೆಗಳಿಗೂ ಹಂಚಿ.

ಹಾಡುಗಳ ವಿಷಯದಲ್ಲಿ ನೀವಿರುವ ಸೀಮೆಯೇ ನಿಮಗೆ ದಾರಿ ತೋರಿಸುತ್ತದೆ. ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿ ನಿಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಆ ಪದಗಳನ್ನು ಕಟ್ಟಿದವರು ಯಾರೆಂದು ಹೇಳುವಂತಿಲ್ಲ; ಬಾಯಿಂದ ಬಾಯಿಗೆ ಬಂದ ಸೊತ್ತು ಅದು. ಹಾಗಿದ್ದರೂ ಅವರು ಹಾಡಿದ್ದನ್ನು ನಾವು ಅವರ ಹೆಸರಿನಿಂದಲೇ ನೆನೆಯುತ್ತೇವೆ. ಎಲ್ಲರದ್ದಾದ ಪದ, ಒಬ್ಬರದ್ದಾದ ಹಾಡಿಕೆ, ಇವೆರಡೂ ಒಂದರಲ್ಲೇ ಇರಬಹುದೆಂಬುದನ್ನು ಮುಕ್ತ ತಂತ್ರಾಂಶದವರಿಗಿಂತ ಬಹಳ ಮೊದಲೇ ನಮ್ಮ ಹಟ್ಟಿಗಳು ಬಲ್ಲವು.

ಹಾಡುವವರಿಗೆ ಮುದ್ರಣ ಎಲ್ಲಿಗೆ ಹೋಗುತ್ತದೆ, ಯಾರು ಯಾರು ಕೇಳಬಹುದು, ಬೇರೆಯವರು ಅದನ್ನು ಸಿನಿಮಾಕ್ಕೋ ಜಾಹೀರಾತಿಗೋ ಬಳಸಬಹುದೇ ಎಂಬುದನ್ನೆಲ್ಲ ಮೊದಲು ಬಿಡಿಸಿ ಹೇಳಿ. ಹೊರಗೆ ಹಾಡಬಾರದ ದೇವರ ಪದಗಳಿದ್ದರೆ ಅವನ್ನು ಬಿಡಿ. ಒಪ್ಪಿಗೆ ಸಿಕ್ಕ ಮೇಲೆ, ಮೊದಲ ಪತ್ರಕ್ಕೆ ಹೇಳಿದಂತೆ ಹತ್ತು ಸೆಕೆಂಡು ಮೌನ ಬಿಟ್ಟು, ಹಾಡುವವರೇ ತಮ್ಮ ಬಾಯಿಂದ ತಮ್ಮ ಹೆಸರು, ಹಟ್ಟಿಯ ಹೆಸರು, ಆ ಪದವನ್ನು ಯಾರಿಂದ ಕಲಿತರೆಂಬುದನ್ನು ಹೇಳಲಿ. ಆಮೇಲೆ ಹಾಡು ಆರಂಭವಾಗಲಿ. ಕಡತಕ್ಕೆ ಹೆಸರಿಡುವುದನ್ನು ಮಕ್ಕಳಿಗೆ ಕಲಿಸುವಾಗ ಹಾಡಿದವರ ಹೆಸರನ್ನು ಮೊದಲು ಬರೆಸಿ, ಹಾಡಿನ ಮೊದಲ ಸಾಲನ್ನು ಅದರ ನಂತರ.